ತೆಗೆದುಬಿಟ್ಟ ಹನ್ನೆರಡು ಫೋಟೋ

ಮಾರ್ಚ್ ೩, ಸೋಮವಾರ

ಮಹಾಜನಗಳೇ! ಮುಂದಿನ ಸಾಲಿನ ಮಾನ್ಯರೇ, ಹಿಂದಿನ ಸಾಲಿನ ಶಿಳ್ಳೆವೀರರೇ, ಕಂಬದ ಮರೆಯಲ್ಲಿ ಕೂತು ಕತ್ತು ಉದ್ದ ಮಾಡುತ್ತಿರುವ ತಾಯಂದಿರೇ! ಕೆಮ್ಮುವವರು ಈಗಲೇ ಕೆಮ್ಮಿಕೊಳ್ಳಿ. ಪರದೆ ಏಳುತ್ತಿದೆ!

(ಈ ದಿನಚರಿಯನ್ನು ನನ್ನ ಹೊರತು ಇನ್ನಾರೂ ಓದಕೂಡದು. ಆದರೂ ಎದುರಿಗೆ ಜನ ಕೂತಿದ್ದಾರೆ ಅಂದುಕೊಳ್ಳದೆ ನನಗೆ ಒಂದು ಸಾಲೂ ಬರೆಯಲಾಗದು. ಹುಟ್ಟಿದ್ದು ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ, ತೊಟ್ಟಿಲು ಕಟ್ಟಿದ್ದು ಪರದೆಯ ಹಗ್ಗಕ್ಕೆ. ಪರದೆ ಎದ್ದಾಗಲೆಲ್ಲ ನಾನೂ ಏಳುತ್ತಿದ್ದೆನಂತೆ.)

ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡು ವರ್ಷ ನಮ್ಮ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಮುಂದೆ, ಬಸ್ಸುಗಳನ್ನು ಬರಮಾಡಿಕೊಂಡವನು ನಾನು, ಬೀಳ್ಕೊಟ್ಟವನೂ ನಾನು. ‘ಇದೋ! ಧೂಳೆಬ್ಬಿಸುತ್ತ, ಹೊಗೆಯುಗುಳುತ್ತ, ಮೂರನೇ ಅಂಕಣಕ್ಕೆ ಆಗಮಿಸುತ್ತಿದೆ ಹದಿನೇಳನೇ ನಂಬರು!’ ಒಂದು ಬಸ್ಸಿಗೆ ನನಗೆ ನಾಲ್ಕು ನಿಮಿಷ ಬೇಕಿತ್ತು. ಹೋದ ವರ್ಷ ಒಂದು ಯಂತ್ರ ತಂದರು. ಅದಕ್ಕೆ ನಾಲ್ಕು ಸೆಕೆಂಡು ಸಾಕು. ನನ್ನನ್ನು ಕಳೆದುಹೋದ ವಸ್ತುಗಳ ಕೋಣೆಗೆ ಹಾಕಿದರು. ಅಂದಿನಿಂದ ನಾನು ಹೊರಗೆ ಪಿಸುಮಾತಿನಲ್ಲೇ ಆಡುತ್ತೇನೆ. ಇದು ಶಪಥ.

ಇವತ್ತು ಮ್ಯಾನೇಜರ್ ಕರೆಸಿದರು.

“ಬನ್ನಿ ಗುಡುಗಣ್ಣ. ನಿಮ್ಮ ಕೋಣೆ ಮುಚ್ತಾ ಇದ್ದೀವಿ.”

“ಕಳೆದುಹೋದ ವಸ್ತುಗಳ ಕೋಣೇನೇ ಕಳೆದುಹೋಗುತ್ತಾ ಸಾರ್?” ಎಂದೆ, ಪಿಸುಮಾತಿನಲ್ಲಿ.

“ಏನಂದ್ರಿ? ಕೇಳಿಸ್ತಿಲ್ಲ. ಇರಲಿ. ಮುಂದಿನ ತಿಂಗಳಿಂದ ನೀವು ಊರಾಚೆ ಟೈರ್ ಗೋಡೌನಿಗೆ.”

ಟೈರ್ ಗೋಡೌನ್! ಮಹಾಜನಗಳೇ, ಅಲ್ಲಿ ಮನುಷ್ಯರಿಲ್ಲ. ಆರು ಸಾವಿರ ಟೈರುಗಳಿವೆ. ಎಲ್ಲದರ ಬಾಯಿಯೂ ತೆರೆದೇ ಇರುತ್ತದೆ, ಒಂದೂ ಮಾತಾಡುವುದಿಲ್ಲ.

ನನ್ನ ಮುಖ ನೋಡಿ ಮ್ಯಾನೇಜರಿಗೆ ಕನಿಕರ ಬಂತು. “ಇನ್ನೊಂದು ದಾರಿ ಇದೆ. ಹೊಸ ಕಾಯುವ ಕೋಣೆ ಕಟ್ಟಿದ್ದೀವಲ್ಲ, ಅದರ ಗೋಡೆಗೆ ನಮ್ಮ ನಿಲ್ದಾಣದ್ದೇ ಹನ್ನೆರಡು ಫೋಟೋ ಬೇಕು ಅಂತ ಮೇಲಿನಿಂದ ಆದೇಶ. ಕೋಣೆ ನೋಡಿಕೊಳ್ಳೋಕೆ ಒಬ್ಬರು ಬೇಕು ಅಂತಾನೂ ಇದೆ. ನೀವು ಬೇಕಾದಷ್ಟು ಫೋಟೋ ತೆಗೆದಿಟ್ಟಿದ್ದೀರಂತಲ್ಲ? ಹನ್ನೆರಡು ಒಳ್ಳೇದು ಕೊಡಿ, ಕೋಣೆ ನಿಮ್ಮದು. ಕೊಡದಿದ್ರೆ ಟೈರು ನಿಮ್ಮದು. ಇಪ್ಪತ್ತೆಂಟಕ್ಕೆ ಮೇಲಿನವರು ನೋಡೋಕೆ ಬರ್ತಾರೆ.”

ಬೇಕಾದಷ್ಟೇ? ಗಾಜಿನ ಗೂಡಿನಿಂದ ಹನ್ನೊಂದು ವರ್ಷ ನಾನು ತೆಗೆದ ಫೋಟೋಗಳು ನಲವತ್ತೊಂದು ಸಾವಿರದ ಇನ್ನೂರ ಅರವತ್ತಮೂರು! ಕಂಠದ ಯುಗ ಮುಗಿಯಿತು. ಇನ್ನು ಕಣ್ಣಿನ ಯುಗ. ಚಿತ್ರವೇ ಮಾತಾಡಲಿ, ನಾನು ಮೂಕನಾಗಿ ಪಕ್ಕದಲ್ಲಿ ನಿಲ್ಲುತ್ತೇನೆ.

ಮಾರ್ಚ್ ೪, ಮಂಗಳವಾರ

ಕುಸ್ತಿ ಪದ್ಧತಿ ಜಾರಿಗೆ ತಂದೆ. ಎರಡು ಫೋಟೋ ಅಕ್ಕಪಕ್ಕ ಇಡುವುದು, ಗೆದ್ದದ್ದು ಮುಂದಿನ ಸುತ್ತಿಗೆ, ಸೋತದ್ದು ಮನೆಗೆ. ಸಂಜೆ ಐದರಿಂದ ಎಂಟರವರೆಗೆ ಇಪ್ಪತ್ತಾರು ಕುಸ್ತಿ ನಡೆದವು. ಇಪ್ಪತ್ತಾರೂ ಸಮಬಲ. ಎಲ್ಲವೂ ಅದ್ಭುತ!

ಮಾರ್ಚ್ ೫, ಬುಧವಾರ

ಕುಸ್ತಿ ಮುಂದುವರಿಯಿತು. ಲೆಕ್ಕ ಹಾಕಿದೆ. ಈ ವೇಗದಲ್ಲಿ ಮೊದಲ ಸುತ್ತು ಮುಗಿಯಲು ಎರಡು ವರ್ಷ ಮೇಲೆ ಎರಡು ತಿಂಗಳು ಬೇಕು. ಪದ್ಧತಿಯನ್ನು ರದ್ದು ಮಾಡಿದೆ.

ಮಾರ್ಚ್ ೬, ಗುರುವಾರ

ಈಗ ವಿಂಗಡಣೆ ಪದ್ಧತಿ. ಬಸ್ಸುಗಳ ಹಿಂಭಾಗ: ಒಂಬತ್ತು ಸಾವಿರ. ನಿದ್ದೆ ಮಾಡುತ್ತಿರುವ ಪ್ರಯಾಣಿಕರು: ಏಳು ಸಾವಿರ ಚಿಲ್ಲರೆ. ಗಾಜಿನಲ್ಲಿ ನನ್ನದೇ ಮೈಕಿನ ಪ್ರತಿಬಿಂಬ, ನಡುವೆ ಕರಿ ಬದನೆಕಾಯಿ ತೂಗಿಬಿಟ್ಟ ಹಾಗೆ: ಲೆಕ್ಕಕ್ಕಿಲ್ಲ. ಹೆಬ್ಬೆರಳು ಅಡ್ಡ ಬಂದದ್ದು: ಸುಮಾರು... ಬೇಡ. ಅದೊಂದು ಶೈಲಿ. ದೊಡ್ಡ ಕಲಾವಿದರು ಮೂಲೆಯಲ್ಲಿ ಸಹಿ ಹಾಕುತ್ತಾರೆ, ನಾನು ಹೆಬ್ಬೆಟ್ಟು ಒತ್ತಿದ್ದೇನೆ.

ಮಾರ್ಚ್ ೭, ಶುಕ್ರವಾರ

ಅಕ್ಕ ಬಂದಿದ್ದಾಳೆ. ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಇಪ್ಪತ್ತನಾಲ್ಕನೇ ತಾರೀಖಿನವರೆಗೆ ಪಟ್ಟಿ ಬಿಚ್ಚುವಂತಿಲ್ಲ, ಆಮೇಲೂ ಮೂರು ತಿಂಗಳು ಸೂಜಿ ಮುಟ್ಟುವಂತಿಲ್ಲ. ನಲವತ್ತು ವರ್ಷ ಬಟ್ಟೆ ಹೊಲಿದವಳು. ಅಂಗಡಿಗೆ ಬೀಗ ಹಾಕಿ, ಹೊಲಿಗೆ ಯಂತ್ರಕ್ಕೆ ಚಾದರ ಹೊದಿಸಿ, ಅಳತೆ ಪಟ್ಟಿಯೊಂದನ್ನು ಮಾತ್ರ ಕೊರಳಿಗೆ ಹಾಕಿಕೊಂಡು ಬಂದಿದ್ದಾಳೆ. ಅಪ್ಪ ಅಮ್ಮ ವೇಷ ಕಟ್ಟಿಕೊಂಡು ರಂಗದ ಮೇಲಿದ್ದಾಗಲೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಆದ್ದರಿಂದ ಗೌರವ ಇದೆ. ಆದರೆ ಈಗ? ನನ್ನ ಜೀವಮಾನದ ಆಯ್ಕೆ ನಡೆಯುತ್ತಿರುವಾಗ?

“ಯಾಕೋ ಪಿಸುಪಿಸು ಅಂತೀಯ? ಗಂಟಲಿಗೇನಾಯ್ತು?”

“ಏನಿಲ್ಲಕ್ಕ. ಶಪಥ.”

“ಕಣ್ಣು ಕಾಣದೋಳ ಮುಂದೆ ಪಿಸುಗುಟ್ಟೋದು ಅಂದ್ರೆ ಕಿವುಡನ ಮುಂದೆ ಮೂಗಿಲ್ಲದೋನು ಸನ್ನೆ ಮಾಡಿದ ಹಾಗೆ.”

“ಸನ್ನೆಗೂ ಮೂಗಿಗೂ ಏನಕ್ಕ ಸಂಬಂಧ?”

“ನಿನ್ನ ಶಪಥಕ್ಕೂ ಗಂಟಲಿಗೂ ಏನು ಸಂಬಂಧವೋ ಅಷ್ಟೇ. ಜೋರಾಗಿ ಮಾತಾಡು, ನೀನೆಲ್ಲಿದ್ದೀಯ ಅಂತ ನಂಗೆ ಗೊತ್ತಾಗ್ಬೇಕಲ್ಲ.”

ಕನಿಷ್ಠ ಮನೆಯೊಳಗೆ ಶಪಥ ಸಡಿಲಿಸಬೇಕಾಯಿತು.

ಮಾರ್ಚ್ ೮, ಶನಿವಾರ

ಇವತ್ತು ಸಂಜೆ ಕಂಪ್ಯೂಟರ್ ಮುಂದೆ ಕೂತು ಫೋಟೋ ನೋಡುತ್ತಿದ್ದೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ.

“ಏನೋ ನೋಡ್ತಾ ಇದ್ದೀಯ? ನಂಗೂ ಹೇಳು. ಗೋಡೆ ಹಾಗೆ ಕೂತು ಕೂತು ಸಾಕಾಗಿದೆ.”

“ಒಬ್ಬ ಬಾಗಿಲು ಹೊತ್ಕೊಂಡು ಬಸ್ ಹತ್ತುತ್ತಿದ್ದಾನೆ.”

“ಬಾಗಿಲಾ? ಎಂಥ ಬಾಗಿಲು?”

“ಮನೆ ಬಾಗಿಲು. ಚಿಲಕ, ಕೀಲು ಎಲ್ಲ ಸಮೇತ. ಕಂಡಕ್ಟರ್ ಕೂಗ್ತಿದ್ದಾನೆ, ‘ರೀ, ಬಾಗಿಲಲ್ಲಿ ನಿಲ್ಬೇಡ್ರೀ!’ ಇವನು ಹೇಳ್ತಾನೆ, ‘ನಾನು ಬಾಗಿಲಲ್ಲಿ ನಿಂತಿಲ್ಲ ಸಾರ್, ಬಾಗಿಲು ನನ್ನ ಮೇಲೆ ನಿಂತಿದೆ!’”

ಅಕ್ಕ ನಕ್ಕಳು. “ಆಮೇಲೆ?”

ಆಮೇಲೆ ಏನು, ನಾನು ಎದ್ದು ನಿಂತೆ. ಕೂತು ಹೇಳುವ ಸಂಗತಿಯೇ ಅದು? ಬಾಗಿಲಿಗೂ ಟಿಕೆಟ್ ತಗೋ ಎಂದು ಕಂಡಕ್ಟರ್, ಬಾಗಿಲು ಕೂತುಕೊಳ್ಳುವುದಿಲ್ಲ ನಿಂತೇ ಬರುತ್ತದೆ ಎಂದು ಇವನು. ಹೇಗೋ ತಿರುಗಿಸಿ ಒಳಗೆ ತೂರಿಸಿದರೆ ಬಾಗಿಲು ಬಸ್ಸಿನ ನಡುವೆ ಅಡ್ಡ ಸಿಕ್ಕಿಕೊಂಡಿತು. ಮುಂದಿನವರು ಮುಂದೆ, ಹಿಂದಿನವರು ಹಿಂದೆ. ಹಿಂದೆ ಇದ್ದ ಅಜ್ಜಿಯೊಬ್ಬರು ಇಳಿಯಬೇಕೆಂದು ಬಾಗಿಲು ತಟ್ಟಿದರು. ಇವನು ಅಭ್ಯಾಸಬಲದಿಂದ “ಯಾರು?” ಅಂದ!

ಅಕ್ಕ ಅಳತೆ ಪಟ್ಟಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಇದನ್ನ ಹಾಕು ಕಣೋ ಹನ್ನೆರಡಕ್ಕೆ. ಎಷ್ಟು ಚೆನ್ನಾಗಿದೆ ಫೋಟೋ!”

ನಾನೂ ಇನ್ನೊಮ್ಮೆ ನೋಡಿದೆ. ಎಡಗಡೆ ಹೆಬ್ಬೆರಳು, ನಡುವೆ ಮೈಕಿನ ಬದನೆಕಾಯಿ, ಬಲಗಡೆ ಮೂಲೆಯಲ್ಲಿ ಒಂದು ಗೇಣು ಮರದ ಹಲಗೆ. ಹೌದು, ಎಷ್ಟು ಚೆನ್ನಾಗಿದೆ! ಅದಕ್ಕೊಂದು ನಕ್ಷತ್ರ ಗುರುತು ಹಾಕಿದೆ. ಒಂದು ಮುಗಿಯಿತು!

ಮಾರ್ಚ್ ೧೦, ಸೋಮವಾರ

ಅಕ್ಕನ ಪದ್ಧತಿಯೇ ಸರಿ. ನಾನು ಹೇಳುವುದು, ಅವಳು ಕೇಳುವುದು. ಅವಳು “ಹೂಂ” ಅಂದರೆ ಫೋಟೋ ಹೊರಗೆ. “ಆಮೇಲೆ?” ಅಂದರೆ ಒಳಗೆ. ನೋಡುವವರು ಮೋಸ ಹೋಗುತ್ತಾರೆ, ಬಣ್ಣ ಬೆಳಕು ಎಂದೆಲ್ಲ ಮರುಳಾಗುತ್ತಾರೆ. ಅಕ್ಕನಿಗೆ ಆ ದೌರ್ಬಲ್ಯವಿಲ್ಲ.

ಇವತ್ತು ಒಳಗೆ ಹೋದದ್ದು: ತನ್ನ ಕುರ್ಚಿಗೆ ಟೋಪಿ ಹಾಕಿ ಮಾಯವಾದ ಟಿಕೆಟ್ ಗುಮಾಸ್ತ; ಬೇರೆ ಬೇರೆ ಬಸ್ಸು ತಪ್ಪಿಸಿಕೊಂಡು ಒಂದೇ ಬೆಂಚಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ವೇಳಾಪಟ್ಟಿಯ ಮೂಲಕವೇ ಜಗಳವಾಡಿದ ಗಂಡಹೆಂಡಿರು (“ಎಂಟೂವರೆ!” “ಒಂಬತ್ತೂ ಕಾಲು!” “ಭಾನುವಾರ ಇಲ್ಲ!”). ಒಟ್ಟು ಮೂರು.

ಸಂಜೆ ಕಿಟಕಿಯ ಕೆಳಗೆ ಏಳೆಂಟು ಜನ ಸೇರಿದ್ದರು. ನೀರಿನ ಸಮಸ್ಯೆ ಇರಬೇಕು.

ಮಾರ್ಚ್ ೧೩, ಗುರುವಾರ

ಇವತ್ತು ಒಂದು ವಿಚಿತ್ರ.

ಒಂದು ಸರಣಿ ಸಿಕ್ಕಿತು. ಹದಿನೇಳು ಫೋಟೋ, ಹದಿನೇಳರಲ್ಲೂ ಒಬ್ಬಳೇ ಹೆಂಗಸು, ನಿಲ್ದಾಣದ ಮೂರನೇ ಬೆಂಚಿನಲ್ಲಿ. ತಲೆಯ ಮೇಲೆ ನನ್ನ ಹೆಬ್ಬೆರಳು ಬಂದು ಕೂತಿರುವುದರಿಂದ ಮುಖ ಕಾಣದು. ಸಾಮಾನಿಲ್ಲ, ಚೀಲವಿಲ್ಲ. ಉಡುಪಿನ ತುಂಬ ಬಣ್ಣಬಣ್ಣದ ನೂಲಿನ ತುಂಡುಗಳು ಅಂಟಿಕೊಂಡಿವೆ. ಎಲ್ಲವೂ ಗುರುವಾರದ ಫೋಟೋ, ಬೆಳಗ್ಗೆ ಹತ್ತರಿಂದ ಹನ್ನೆರಡು. ಬಸ್ಸುಗಳು ಬರುತ್ತವೆ, ಹೋಗುತ್ತವೆ, ಅವಳು ಹತ್ತುವುದಿಲ್ಲ.

“ನೋಡಕ್ಕ, ಎಂಥ ಗೂಢ! ಯಾರಿಗೋ ಕಾಯ್ತಿದ್ದಾಳೆ. ಅವನು ಬರೋದಿಲ್ಲ. ವಾರ ವಾರ ಬರ್ತಾಳೆ, ವಾರ ವಾರ...”

ಅಕ್ಕ “ಆಮೇಲೆ?” ಎನ್ನಲಿಲ್ಲ. “ಹೂಂ” ಕೂಡ ಎನ್ನಲಿಲ್ಲ.

“ಅದು ಬೇಡ,” ಎಂದಳು.

“ಯಾಕಕ್ಕ? ಮುಖ್ಯ ಪಾತ್ರಕ್ಕೆ ತಕ್ಕ ಫೋಟೋ ಇದು!”

“ಅವಳು ಯಾರಿಗೂ ಕಾಯ್ತಾ ಇರ್ಲಿಲ್ಲ ಬಿಡೋ. ಸುಮ್ನೆ ಕೇಳ್ತಾ ಕೂತಿದ್ದಿರ್ಬೇಕು.”

“ಏನನ್ನ ಕೇಳ್ತಾ? ನಿಲ್ದಾಣದಲ್ಲಿ ಏನಿದೆ ಕೇಳೋಕೆ? ನನ್ನ ಪ್ರಕಟಣೆ ಬಿಟ್ಟರೆ ಬರೀ ಗದ್ದಲ.”

“ಮುಂದಿನದು ಹೇಳು ನೀನು.”

ಪಟ್ಟಿ ಕಟ್ಟಿ ವಾರವಾಯಿತಲ್ಲ, ಅವಳಿಗೆ ಬೇಜಾರು ಬಂದಿರಬೇಕು. ತೀರ್ಪಿಗೆ ತಲೆಬಾಗಿ ಕೈಬಿಟ್ಟೆ.

ಮಾರ್ಚ್ ೧೫, ಶನಿವಾರ

ನೀರಿನ ಸಮಸ್ಯೆ ಉಲ್ಬಣಿಸಿದೆ. ಇವತ್ತು ಕಿಟಕಿಯ ಕೆಳಗೆ ಮೂವತ್ತು ಜನ. ಕೆಲವರು ಮನೆಯಿಂದ ಕುರ್ಚಿ ತಂದುಕೊಂಡಿದ್ದಾರೆ. ಪಾಪ, ಎಷ್ಟು ಹೊತ್ತು ಕಾಯುತ್ತಾರೋ ನೀರಿಗೆ! ಬಿಂದಿಗೆ ಮಾತ್ರ ಒಬ್ಬರ ಕೈಯಲ್ಲೂ ಕಾಣಲಿಲ್ಲ.

ಅವರ ಕಷ್ಟದ ನಡುವೆ ನನ್ನ ಗದ್ದಲ ಬೇಡವೆಂದು ದನಿ ತಗ್ಗಿಸಿದೆ. ಎರಡೇ ನಿಮಿಷಕ್ಕೆ ಕೆಳಮನೆಯ ಡ್ರೈವರ್ ಬಂದು ಬಾಗಿಲು ತಟ್ಟಿದ.

“ಗುಡುಗಣ್ಣ, ಸ್ವಲ್ಪ ಜೋರಾಗಿ ಹೇಳ್ತೀರಾ? ಹಿಂದೆ ಇರೋರಿಗೆ ಕೇಳಿಸ್ತಿಲ್ಲ.”

ವ್ಯಂಗ್ಯ! ನನಗರ್ಥವಾಗದೇ? “ಕ್ಷಮಿಸಪ್ಪ, ಇನ್ಮೇಲೆ ಬಾಯೇ ಬಿಡೋದಿಲ್ಲ,” ಎಂದೆ.

“ಅಯ್ಯೋ, ಬೇಜಾರಾಗೋ ಹಾಗೆ ಏನಂದೆ ನಾನು?” ಎಂದು ಅವನು ಅಕ್ಕನ ಕಡೆ ನೋಡಿದ. ಅಕ್ಕ ಕುರ್ಚಿಯಿಂದಲೇ, “ಹೋಗಪ್ಪ ನೀನು, ಹೇಳ್ತಾನೆ,” ಎಂದಳು. ಆಮೇಲೆ ನನಗೆ, “ಕಿಟಕಿ ಪೂರ್ತಿ ತೆಗಿ. ಸೆಖೆ,” ಎಂದಳು.

ಕಿಟಕಿ ತೆಗೆದೆ. ಹೇಳಿದೆ. ಕಳೆದುಹೋದ ಕೊಡೆ ಕೇಳಿಕೊಂಡು ಬಂದವನು ತನ್ನ ಕೊಡೆಯನ್ನು ಎಷ್ಟು ಪ್ರೀತಿಯಿಂದ ಬಣ್ಣಿಸಿದನೆಂದರೆ, ಅದು ನಮ್ಮಲ್ಲಿ ಇಲ್ಲದಿದ್ದರೂ ಇಲ್ಲ ಎನ್ನಲು ಬಾಯಿ ಬಾರದೆ ಯಾರದೋ ಕೊಡೆ ಕೊಟ್ಟು ಕಳಿಸಿದ ಕಥೆ. ಕೆಳಗೆ ಚಪ್ಪಾಳೆ ಕೇಳಿಸಿತು. ನೀರು ಬಂದಿರಬೇಕು.

ಮಾರ್ಚ್ ೧೯, ಬುಧವಾರ

ಡ್ರಮ್ಮಿನವನು! ಅವನನ್ನು ಹೇಗೆ ಮರೆತಿದ್ದೆ?

ಬ್ಯಾಂಡಿನವರು ಹದಿನಾಲ್ಕು ಜನ. ಹದಿಮೂರು ಜನ ಬಸ್ಸು ಹತ್ತಿದರು, ಬಸ್ಸು ಹೊರಟೇ ಹೋಯಿತು. ಹದಿನಾಲ್ಕನೆಯವನು ಎತ್ತಿನಗಾಡಿಯ ಚಕ್ರದಷ್ಟು ದೊಡ್ಡ ಡ್ರಮ್ಮು ಹೊತ್ತು ನಿಲ್ದಾಣದ ನಡುವೆ ಒಂಟಿ. ಕೂಗಿದ, ಕೇಳಿಸಲಿಲ್ಲ. ಕೋಲು ಎತ್ತಿದ. ಢಂ! ನಿಲ್ದಾಣದ ಗಾಜು ನಡುಗಿತು, ನಾನು ನಡುಗಿದೆ, ಕೈಯಲ್ಲಿದ್ದ ಫೋನು ನಡುಗಿತು. ಢಂ! ಢಂ! ದೂರದ ತಿರುವಿನಲ್ಲಿ ಬಸ್ಸು ನಿಂತಿತು. ಹಿಂದಕ್ಕೆ ಬಂತು! ಡ್ರೈವರ್ ತಲೆ ಹೊರಗೆ ಹಾಕಿ, “ಇಂಜಿನ್ ಹೋಯ್ತು ಅಂದ್ಕೊಂಡೆ ಮಾರಾಯ!” ಅಂದ.

“ಆಮೇಲೆ?” ಅಕ್ಕ.

ಆಮೇಲೆ ಡ್ರಮ್ಮು ಬಾಗಿಲಲ್ಲಿ ಹಿಡಿಸಲಿಲ್ಲ. ಹದಿಮೂರು ಜನವೂ ಕೆಳಗಿಳಿದರು. ಒಬ್ಬನ ಡ್ರಮ್ಮಿಗಾಗಿ ಹದಿನಾಲ್ಕೂ ಜನ ನಡೆದೇ ಹೊರಟರು, ಊದುತ್ತ, ಬಾರಿಸುತ್ತ. ಅವರನ್ನು ದಾಟಿ ಹೋಗಲು ಬಸ್ಸಿನವರಿಗೆ ಮನಸ್ಸು ಬರಲಿಲ್ಲ. ಬಸ್ಸು ಅವರ ಹಿಂದೆ ಹೆಜ್ಜೆ ಹೆಜ್ಜೆಯಾಗಿ, ದೊಡ್ಡ ಹಸುವಿನ ಹಾಗೆ, ಊರಾಚೆಯವರೆಗೂ!

ಹೇಳಿ ಮುಗಿಸುವಾಗ ನಾನು ಕುರ್ಚಿಯ ಮೇಲೆ ನಿಂತಿದ್ದೆ. ಅಕ್ಕನ ಪಟ್ಟಿಯ ಕೆಳಗಿನಿಂದ ಕೆನ್ನೆಯ ಮೇಲೆ ನೀರು. ಡಾಕ್ಟರು ನಗಬಾರದು ಎಂದಿದ್ದರು, ನೆನಪೇ ಇರಲಿಲ್ಲ.

ಫೋಟೋದಲ್ಲಿ ಎಲ್ಲವೂ ನಡುಗಿಹೋಗಿದೆ. ಅಷ್ಟೊಂದು ನಿಜ ಇನ್ನಾವ ಫೋಟೋದಲ್ಲಿದೆ? ಹನ್ನೆರಡನೆಯದು. ಮುಗಿಯಿತು! ಜಯಭೇರಿ!

ಇವತ್ತು ಆಫೀಸಿನಲ್ಲಿ ಮ್ಯಾನೇಜರ್, “ಏನ್ರೀ ಇಷ್ಟು ಜೋರಾಗಿ ನಮಸ್ಕಾರ ಹೇಳ್ತೀರಿ, ಕಪ್ ಕೈ ಜಾರ್ತು,” ಎಂದರು. ನಾನು ಎಂದಿನಂತೆ ಪಿಸುಮಾತಿನಲ್ಲೇ ಹೇಳಿದ್ದು.

ಮಾರ್ಚ್ ೨೧, ಶುಕ್ರವಾರ

ನಲವತ್ತೊಂದು ಸಾವಿರವನ್ನೂ ಹೊತ್ತ ಡಿಸ್ಕನ್ನು ಎದೆಗವಚಿಕೊಂಡು ಪ್ರಿಂಟಿನ ಅಂಗಡಿಗೆ ಹೋದೆ. ಅಂಗಡಿಯಾಕೆ ಒಂದು ಕಿವಿಗೆ ಫೋನು ಒತ್ತಿಕೊಂಡು, ಮೂರು ಯಂತ್ರ ನಡೆಸುತ್ತಿದ್ದಳು.

“ಹೇಳಿ ಅಂಕಲ್.”

“ತಾಯಿ, ಇದರಲ್ಲಿ ನಕ್ಷತ್ರ ಹಾಕಿರೋ ಹನ್ನೆರಡು ಫೋಟೋ ಇದೆ. ಅದಷ್ಟನ್ನೂ ತೆಗೆದುಬಿಡಿ. ದೊಡ್ಡ ಅಳತೆ.”

“ನಕ್ಷತ್ರ ಇರೋದು ಮಾತ್ರಾನಾ? ಉಳಿದಿದ್ದು?”

“ಉಳಿದಿದ್ದು ಹಾಗೇ ಇರಲಿ. ಮುಟ್ಟಬೇಡಿ.”

“ಯೋಚನೆ ಮಾಡಿ ಹೇಳ್ತಿದ್ದೀರಾ ತಾನೆ? ಆಮೇಲೆ ಬಂದು ಕೇಳ್ಬಾರದು.”

“ಮೂರು ವಾರ ಯೋಚನೆ ಮಾಡಿದ್ದೀನಿ ತಾಯಿ! ಒಂದೊಂದನ್ನೂ ನಮ್ಮಕ್ಕನೇ ಆರಿಸಿದ್ದು!”

ಎಷ್ಟು ಜವಾಬ್ದಾರಿಯ ಹೆಣ್ಣುಮಗಳು! ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ನಾಳೆ ಬನ್ನಿ ಎಂದಳು.

ಮಾರ್ಚ್ ೨೨, ಶನಿವಾರ

ತೆಗೆದುಬಿಟ್ಟಿದ್ದಾಳೆ.

ಮಾರ್ಚ್ ೨೩, ಭಾನುವಾರ

ಮಹಾಜನಗಳೇ, ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಹೇಳುತ್ತೇನೆ.

“ಎಲ್ಲಮ್ಮಾ ಫೋಟೋ?” ಎಂದೆ.

“ತೆಗೆದೆನಲ್ಲ ಅಂಕಲ್.”

“ತೆಗೆದ್ರೆ ಕೊಡಿ.”

“ತೆಗೆದಿದ್ದನ್ನ ಹೇಗೆ ಕೊಡೋದು? ಪೂರ್ತಿ ತೆಗೆದೆ. ಕಸದ ಬುಟ್ಟೀಲಿ ಉಳಿದಿರುತ್ತಲ್ಲ, ಅಲ್ಲಿಂದಾನೂ ತೆಗೆದೆ. ಯಾವ ಜನ್ಮಕ್ಕೂ ಸಿಗದ ಹಾಗೆ ತೆಗೆದಿದ್ದೀನಿ, ನೀವು ಧೈರ್ಯವಾಗಿರಿ.”

ನಾನು ಕೌಂಟರಿನ ಮೇಲೆ ಎರಡೂ ಕೈ ಊರಿದೆ. “ತೆಗೆಯೋದು ಅಂದ್ರೆ ಪ್ರಿಂಟು ತೆಗೆಯೋದು ತಾಯಿ!”

“ಅಯ್ಯೋ! ಪ್ರಿಂಟು ಹಾಕಿ ಅನ್ನಬಾರದಿತ್ತಾ? ಬರೀ ತೆಗೆದುಬಿಡಿ ಅಂದ್ರೆ? ನಾನೂ ನೋಡಿದೆ, ಹೆಬ್ಬೆರಳು, ಮಸುಕು, ಏನೋ ಕರ್ರಗೆ. ಪಾಪ, ಕೆಟ್ಟಿರೋದನ್ನೇ ನಕ್ಷತ್ರ ಹಾಕಿ ಗುರುತು ಮಾಡಿದ್ದಾರೆ, ಎಷ್ಟು ಅಚ್ಚುಕಟ್ಟು ಅಂದ್ಕೊಂಡೆ.”

ಅವಳ ತಪ್ಪಲ್ಲ. ಈ ಪದದ ತಪ್ಪು! ಬಾಗಿಲು ತೆಗೆ ಅಂದರೆ ತೆರೆಯುತ್ತೇವೆ, ಹಲ್ಲು ತೆಗೆ ಅಂದರೆ ಕೀಳುತ್ತೇವೆ. ಫೋಟೋ ತೆಗೆದೆ ಅಂದರೆ ಇಲ್ಲದ್ದು ಹುಟ್ಟುತ್ತದೆ, ತೆಗೆದುಬಿಟ್ಟೆ ಅಂದರೆ ಇದ್ದದ್ದು ಸಾಯುತ್ತದೆ. ಹನ್ನೊಂದು ವರ್ಷ ನಾನು ತೆಗೆದೆ, ಒಂದೇ ಗಳಿಗೆಯಲ್ಲಿ ಅವಳೂ ತೆಗೆದಳು. ಇಬ್ಬರೂ ಮಾಡಿದ್ದು ಒಂದೇ ಕೆಲಸ!

ಪಾಪ, ಅವಳು ಅಂಗಡಿ ಮುಚ್ಚಿ ಮಧ್ಯಾಹ್ನವೆಲ್ಲ ಹುಡುಕಿದಳು. ಬೂದು ಪಟ್ಟೆಗಳಷ್ಟೇ ಸಿಕ್ಕವು. ಬೇರೆ ಪ್ರತಿ ಇಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ನಾನೇ ತೆಗೆದುಬಿಟ್ಟಿದ್ದೆ. (ಮತ್ತೆ ಅದೇ ಪದ!)

ಅಕ್ಕನಿಗೆ ಹೇಳಿಲ್ಲ. ನಾಳೆ ಅವಳ ಪಟ್ಟಿ ಬಿಚ್ಚುತ್ತಾರೆ. ಮೊದಲು ಆ ಹನ್ನೆರಡು ನೋಡಬೇಕು ಎಂದು ಮೂರು ದಿನದಿಂದ ಹೇಳುತ್ತಿದ್ದಾಳೆ.

ಮಾರ್ಚ್ ೨೪, ಸೋಮವಾರ

ಪಟ್ಟಿ ಬಿಚ್ಚಿದರು. ಅಕ್ಕ ಕಣ್ಣು ಪಿಳಿಪಿಳಿ ಮಾಡಿ ಮೊದಲು ನನ್ನ ಮುಖ ನೋಡಿದಳು. “ಏನೋ ಇಷ್ಟು ಇಳಿದುಹೋಗಿದ್ದೀಯ!”

ಮನೆಗೆ ಬಂದ ಕೂಡಲೇ, “ಎಲ್ಲಿ? ಬಾಗಿಲಿನವನನ್ನ ತೋರ್ಸು.”

ಹೇಳಿಬಿಟ್ಟೆ. ತೆಗೆದುಬಿಡಿ ಎಂದದ್ದು, ತೆಗೆದುಬಿಟ್ಟದ್ದು, ಟೈರು, ಗೋಡೌನು, ಎಲ್ಲ. ಅಕ್ಕ ಕಂಪ್ಯೂಟರ್ ಮುಂದೆ ಕೂತು ಉಳಿದ ಫೋಟೋಗಳನ್ನು ಒಂದೊಂದೇ ನೋಡತೊಡಗಿದಳು. ಹತ್ತು ನೋಡಿದಳು. ಇಪ್ಪತ್ತು ನೋಡಿದಳು.

“ಲೋ.”

“ಏನಕ್ಕ?”

“ಇದೇನೋ, ಎಲ್ಲಾದರಲ್ಲೂ ಹೆಬ್ಬೆರಳು?”

“ಅದು ಶೈಲಿ ಅಕ್ಕ.”

“ಈ ಕರೀ ಬದನೆಕಾಯಿ?”

“ಮೈಕು.”

“ಆ ಹನ್ನೆರಡೂ ಹೀಗೇ ಇತ್ತಾ? ನಿಜ ಹೇಳು.”

ಎದುರಿಗೆ ಅಕ್ಕ. ಸುಳ್ಳು ಹೇಳಲಾಗಲಿಲ್ಲ. “ಡ್ರಮ್ಮಿನದು ಇನ್ನೂ ಸ್ವಲ್ಪ ಕೆಟ್ಟದಾಗಿತ್ತು,” ಎಂದೆ.

ಅಕ್ಕ ನಗಲು ಶುರು ಮಾಡಿದಳು. ಹೊಸ ಕಣ್ಣಿನ ತುಂಬ ನೀರು. ಮೇಜು ತಟ್ಟಿ ತಟ್ಟಿ ನಕ್ಕಳು. ನನಗೆ ಕೋಪ ಬಂತು. ಜೀವ ಹೋಗುತ್ತಿರುವಾಗ ನಗುವವಳು ಅಕ್ಕನೇ? ಎದ್ದು ಹೊರಗೆ ಹೋಗಿಬಿಟ್ಟೆ. ವಾಪಸು ಬಂದಾಗ ಅವಳು ನಗುತ್ತಿರಲಿಲ್ಲ. ಪರದೆಯ ಮೇಲೆ ಮೂರನೇ ಬೆಂಚಿನ ಆ ಹೆಂಗಸಿನ ಫೋಟೋ ಇತ್ತು. ಅಕ್ಕ ಅದನ್ನೇ ನೋಡುತ್ತ ಕೂತಿದ್ದಳು. ಪಾಪ, ಹೊಸ ಕಣ್ಣು, ಮುಂದಿನ ಫೋಟೋಕ್ಕೆ ಹೋಗಲು ಯಾವ ಗುಂಡಿ ಒತ್ತಬೇಕೆಂದು ತಿಳಿದಿರಲಿಕ್ಕಿಲ್ಲ.

ಮಾರ್ಚ್ ೨೫, ಮಂಗಳವಾರ

ರಜೆ ಹಾಕಿ ಹೊಸ ಫೋಟೋ ತೆಗೆಯಲು ನಿಲ್ದಾಣಕ್ಕೆ ಹೋದೆ. ಬೆಳಗ್ಗೆಯಿಂದ ಸಂಜೆವರೆಗೆ ನಾನೂರು. ಬಾಗಿಲು ಹೊತ್ತವನು ಬರಲಿಲ್ಲ. ಡ್ರಮ್ಮಿನವನೂ ಬರಲಿಲ್ಲ. ಹೆಬ್ಬೆರಳು ಬಂದಿದೆ.

ಮಾರ್ಚ್ ೨೬, ಬುಧವಾರ

ಹೊಸ ಕೋಣೆಗೆ ಹೋಗಿ ಗೋಡೆ ನೋಡಿದೆ. ಬಡಗಿ ಹನ್ನೆರಡು ಚೌಕಟ್ಟುಗಳಿಗೂ ಗಾಜು ಹಾಕಿ ಮೊಳೆ ಹೊಡೆದಿದ್ದಾನೆ. ಹನ್ನೆರಡರಲ್ಲೂ ಸುಣ್ಣ ಬಳಿದ ಬಿಳಿ ಗೋಡೆ. “ಅಣ್ಣ, ಫೋಟೋ ತಂದ್ರೆ ಹತ್ತೇ ನಿಮಿಷ, ತೂರಿಸಿಬಿಡ್ತೀನಿ,” ಎಂದ. ಮ್ಯಾನೇಜರ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು, ‘ಎಲ್ಲ ಸಿದ್ಧವೇ?’ ಎಂಬಂತೆ. ನಾನೂ ಎತ್ತಿದೆ. ಈ ಬೆರಳಿನಿಂದಲೇ ನನಗೆ ಬಂದದ್ದೆಲ್ಲ!

ಸಂಜೆ ಕಿಟಕಿ ಮುಚ್ಚಿ ಮಲಗಿದ್ದೆ. ಬಾಗಿಲು ಬಡಿಯಿತು. ಕೆಳಮನೆಯ ಡ್ರೈವರ್, ಅವನ ಹಿಂದೆ ಮೆಟ್ಟಿಲಿನ ಉದ್ದಕ್ಕೂ ಜನ.

“ಗುಡುಗಣ್ಣ, ನಾಲ್ಕು ದಿನ ಆಯ್ತು, ಏನೂ ಇಲ್ಲ. ನಮ್ಮ ಮಾವ ಬಂದಿದ್ದಾರೆ. ಅವರಿಗೆ ಆ ಡ್ರಮ್ಮಿಂದು ಒಂದು ಸಲ...”

“ಡ್ರಮ್ಮಿನವನಿಲ್ಲಪ್ಪ. ಫೋಟೋ ಹೋಯ್ತು.”

“ಫೋಟೋ ಯಾರು ಕೇಳಿದ್ರು?” ಎಂದಿತು ಮೆಟ್ಟಿಲಿನ ಮೇಲಿಂದ ಒಂದು ದನಿ.

ಮಾವ ವಯಸ್ಸಾದವರು, ಇಲ್ಲ ಎನ್ನಲಾದೀತೇ? ಬಾಗಿಲಲ್ಲೇ ನಿಂತು ಹೇಳಿದೆ. ಢಂ ಎಂದಾಗ ಮಾವ ಮೆಟ್ಟಿಲ ಕಂಬಿ ಹಿಡಿದುಕೊಂಡರು. ಬಸ್ಸು ಹಸುವಿನ ಹಾಗೆ ಹಿಂದೆ ಹೊರಟಾಗ, “ಎಲ್ಲಿವರೆಗೆ ಹೋಯ್ತು? ಎಲ್ಲಿವರೆಗೆ?” ಎಂದು ನನ್ನ ತೋಳು ಅಲ್ಲಾಡಿಸಿದರು. ಇನ್ನೂ ಮೂರು ಹೇಳಿಸಿಕೊಂಡು ಹೋದರು. ನೀರಿನ ಸಮಸ್ಯೆ ಏನಾಯಿತು ಎಂದು ಕೇಳಲು ಮರೆತೆ.

ಮಾರ್ಚ್ ೨೭, ಗುರುವಾರ

ಬೆಳಗ್ಗೆ ಎದ್ದಾಗ ಅಕ್ಕ ಮೇಜಿನ ಮುಂದೆ ಕೂತಿದ್ದಳು.

“ಕಾಗದ ಪೆನ್ನು ತಗೊಂಡು ಬಾ. ನಾನು ಹೇಳ್ತೀನಿ, ನೀನು ಬರಿ.”

“ಏನನ್ನ?”

“ಒಂದು, ಬಾಗಿಲು ಹೊತ್ತವನು. ಎರಡು, ಕುರ್ಚಿಗೆ ಟೋಪಿ ಹಾಕಿ 'ನಾನಿದ್ದೀನಿ' ಅಂತ ಚೀಟಿ ಅಂಟಿಸಿ ಹೋದ ಟಿಕೆಟ್ ಗುಮಾಸ್ತ. ಮೂರು, ವೇಳಾಪಟ್ಟಿಯ ಗಂಡಹೆಂಡಿರು. ಬರಿಯೋ, ಬಾಯಿ ಬಿಟ್ಕೊಂಡು ನೋಡ್ಬೇಡ.”

ಹನ್ನೆರಡನ್ನೂ ಹೇಳಿದಳು. ಸಾಲಾಗಿ, ಒಂದೂ ತಪ್ಪದೆ. ಯಾವ ಚಿತ್ರದಲ್ಲಿ ಯಾರು ಎಡಗಡೆ, ಯಾರು ಬಲಗಡೆ, ಯಾರು ಏನು ಅಂದರು. ಕೊಡೆಯವನಿಗೆ ಶನಿವಾರ ಹಸಿರು ಅಂಗಿ ಹಾಕಿಸಿದ್ದೆ, ಸೋಮವಾರ ಮತ್ತೆ ಹೇಳುವಾಗ ನೀಲಿ ಮಾಡಿದ್ದೆ, ಅದನ್ನೂ ಹಿಡಿದಳು.

“ಫೋಟೋಗಳಿಲ್ಲದೆ ಇದನ್ನ ತಗೊಂಡು ಏನು ಮಾಡ್ಲಿ ಅಕ್ಕ?”

“ನನ್ನ ಕಸುಬಲ್ಲಿ ಬಟ್ಟೆ ಸುಟ್ಟುಹೋದ್ರೆ ಗಿರಾಕಿ ಅಳ್ತಾನೆ, ನಾವು ಅಳೋದಿಲ್ಲ. ಅಳತೆ ನಮ್ಮ ಹತ್ರ ಇರುತ್ತೆ.”

“ಮೇಲಿನವರು ನೋಡೋಕೆ ಬರ್ತಾರಕ್ಕ. ನೋಡೋಕೆ!”

“ಮೂರು ವಾರ ನಾನೇನು ಮಾಡಿದೆ ಹಾಗಾದ್ರೆ?”

ಮಧ್ಯಾಹ್ನ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಕೊಡೆಗಳ ನಡುವೆ ಕೂತಿದ್ದಾಗ, ನನಗೆ, ನನಗೊಬ್ಬನಿಗೇ, ಒಂದು ಅಪೂರ್ವ ಉಪಾಯ ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಮನೆಗೆ ಬಂದು ಅಕ್ಕನಿಗೆ ವಿವರಿಸಿದೆ. ಅವಳು ಬಹಳ ಆಶ್ಚರ್ಯಪಟ್ಟಳು. “ಹೌದಾ? ನಿಂಗೇ ಹೊಳೀತಾ? ಎಷ್ಟು ಬುದ್ಧಿವಂತನೋ ನೀನು!” ಎಂದಳು. ಹನ್ನೆರಡು ಚೀಟಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದೆ, ಬಡಗಿ ಸಂಜೆ ಒಂದೊಂದು ಚೌಕಟ್ಟಿನ ಕೆಳಗೂ ಒಂದೊಂದು ಅಂಟಿಸಿ, ತಲೆ ಕೆರೆದುಕೊಂಡು ಹೋದ.

ಇನ್ನು ಟೈರಾದರೂ ಆಗಲಿ, ಗೋಡೆಯಾದರೂ ಆಗಲಿ!

ನಾಳೆ ಬೆಳಗ್ಗೆ ಐದಕ್ಕೆ ಏಳುತ್ತೇನೆ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತೇನೆ. ಅಕ್ಕನ ಕೈ ಹಿಡಿದು ನಿಲ್ದಾಣಕ್ಕೆ ಕರೆದೊಯ್ದು, ಅವಳಿಗೆ ಮುಂದಿನ ಸಾಲಿನ ನಡುವಿನ ಕುರ್ಚಿ ಹಾಕುತ್ತೇನೆ. ಹನ್ನೆರಡು ಗಾಜುಗಳನ್ನೂ ಒರೆಸುತ್ತೇನೆ, ಒಳಗೆ ಏನೂ ಇಲ್ಲದಿರುವುದು ಹಿಂದಿನ ಸಾಲಿಗೂ ನಿಚ್ಚಳವಾಗಿ ಕಾಣಬೇಕು. ಆರಕ್ಕೆ ಸರಿಯಾಗಿ, ಮೈಕಿಲ್ಲದೆ, ಮೊದಲನೆಯ ಚೌಕಟ್ಟಿನ ಮುಂದೆ ನಿಂತು ಶುರು ಮಾಡುತ್ತೇನೆ. ಹತ್ತಕ್ಕೆ ಮೇಲಿನವರು ಬರುವ ಹೊತ್ತಿಗೆ ನಾನು ಒಂಬತ್ತನೆಯದರಲ್ಲಿರುತ್ತೇನೆ. ಅವರಿಗಾಗಿ ಮೊದಲಿಂದ ಹೇಳಲಾಗದು, ಬೇಕಾದರೆ ಹಿಂದೆ ನಿಂತು ಕೇಳಲಿ. ಆರೂ ಹತ್ತರ ಬಸ್ಸಿಗೆ ಹೋಗಬೇಕಾದವರು ದಯವಿಟ್ಟು ಮೊದಲೇ ಹತ್ತಿ ಕೂತುಬಿಡಿ. ಶುರುವಾದ ಮೇಲೆ ನಾನು ಯಾರನ್ನೂ ಬಿಡುವುದಿಲ್ಲ.